ಕಡ್ಡಿ ಅವರದು, ಸುಗಂಧ ನಮ್ಮದು

ನನ್ನ ಭಾವ, ಅಂದರೆ ಗಂಡನ ಅಣ್ಣ, ದೇಶದ ವಿಷಯ ಮಾತಾಡುವಾಗ ಯಾವಾಗಲೂ ‘ನಾವು’ ಎನ್ನುತ್ತಾರೆ. ನಾವು ಚೀನಾಕ್ಕೆ ಬುದ್ಧಿ ಕಲಿಸಿದ್ವಿ, ನಾವು ಅಮೆರಿಕಾಗೆ ಖಡಾಖಂಡಿತ ಹೇಳಿಬಿಟ್ವಿ. ಮನೆಯ ನೀರಿನ ಮೋಟಾರು ಕೆಟ್ಟಾಗ ಮಾತ್ರ ‘ನೀವು ಯಾರನ್ನಾದ್ರೂ ಕರೆಸಿ’ ಎನ್ನುತ್ತಾರೆ. ಸರ್ಕಾರಿ ಇಲಾಖೆಯೊಂದರಲ್ಲಿ ಇಡೀ ಆಯುಸ್ಸು ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸಿ ನಿವೃತ್ತರಾದವರು ಅವರು. ಚಂದ್ರಾ ಲೇಔಟಿನಲ್ಲಿ ನಮ್ಮ ಹಿಂದಿನ ರಸ್ತೆಯಲ್ಲೇ ಅವರ ಮನೆ. ನಿವೃತ್ತಿಯಾದ ಮೇಲೆ ಟಿವಿಯ ಮುಂದೆ ಕೂತು ಜಗತ್ತಿನ ಆಡಳಿತ ವಹಿಸಿಕೊಂಡರು. ಬಡಾವಣೆಯ ನಿವಾಸಿಗಳ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು, ಏಕೆಂದರೆ ಸಭೆ ಮುಗಿಯುವವರೆಗೂ ಏಳದೆ ಕೂತಿರಬಲ್ಲವರು ಅವರೊಬ್ಬರೇ.

ನಮ್ಮದು ಊದುಬತ್ತಿಯ ಕಸುಬು. ಮಾವನವರು ದಾವಣಗೆರೆ ಕಡೆಯಿಂದ ಬಂದು ಮಾಗಡಿ ರಸ್ತೆಯ ಓಣಿಯೊಂದರಲ್ಲಿ ಶುರುಮಾಡಿದ್ದು. ಈಗ ಹೇರೋಹಳ್ಳಿಯಲ್ಲಿ ಒಂದು ಬಾಡಿಗೆ ಶೆಡ್ಡು. ಹೊಲವಿದ್ದ ಕಡೆ ಸೈಟು, ಸೈಟಿನ ಮೇಲೆ ಮನೆ, ಎರಡು ಮನೆಗಳ ಸಂದಿಯಲ್ಲಿ ಇನ್ನೂ ಕಟ್ಟಿಹಾಕಿರುವ ಒಂದು ಹಸು, ಮಳೆ ಬಂದರೆ ಹೊಂಡ, ಬರದಿದ್ದರೆ ದೂಳು, ಅಂಥ ರಸ್ತೆ. ನನ್ನ ಗಂಡ ಸುಗಂಧ ಬೆರೆಸುತ್ತಾರೆ, ಮಾತು ಕಡಿಮೆ. ಹೊರದೇಶದ ಗಿರಾಕಿಗಳ ಪತ್ರವ್ಯವಹಾರ ನನ್ನದು. ಇಂಗ್ಲಿಷ್ ಎಂ.ಎ. ಓದಿದ ಸೊಸೆ ಎಂದು ಮಾವ ಊರೆಲ್ಲ ಹೇಳಿಕೊಂಡಿದ್ದರು. ಆ ಎಂ.ಎ. ಎಲ್ಲ ‘ನಿಮ್ಮ ಪೆಟ್ಟಿಗೆಗಳು ಬಂದರಿನಿಂದ ಹೊರಟಿವೆ’ ಎಂದು ಬರೆಯುವುದಕ್ಕೇ ಖರ್ಚಾಯಿತು.

ಗಡಿಯಲ್ಲಿ ಚೀನಾದ ಸೈನಿಕರ ಜೊತೆ ಹೊಡೆದಾಟವಾದ ವರ್ಷ ಭಾವ ಬಡಾವಣೆಯ ಪಾರ್ಕಿನೆದುರು ಚೀನಾ ಸಾಮಾನು ಸುಡುವ ಕಾರ್ಯಕ್ರಮ ಇಟ್ಟುಕೊಂಡರು. ಎಲ್ಲರೂ ಮಾಸ್ಕನ್ನು ಗದ್ದಕ್ಕೆ ಜಾರಿಸಿಕೊಂಡು ಬಂದಿದ್ದರು. ಸುಡಲು ತಂದದ್ದೇನು ಎಂದು ನೋಡಿದೆ. ಹತ್ತಿಕೊಳ್ಳುವುದನ್ನು ಎಂದೋ ಬಿಟ್ಟಿದ್ದ ದೀಪದ ಸರಗಳು, ಚಕ್ರವಿಲ್ಲದ ಆಟದ ಕಾರು, ಹೊಟ್ಟೆ ಉಬ್ಬಿದ ಫೋನು, ಉಂಗುಷ್ಠ ಕಿತ್ತ ಚಪ್ಪಲಿ. ಹಳೆ ಸಾಮಾನಿನವನು ತಗೊಳ್ಳಲು ಒಪ್ಪದ್ದನ್ನೆಲ್ಲ ಜನ ದೇಶಕ್ಕೆ ಅರ್ಪಿಸಿದ್ದರು. ಭಾವನವರ ಮನೆಯ ಗೋಡೆಯಗಲದ ಚೀನಾ ಟಿವಿ ಗೋಡೆಯ ಮೇಲೇ ಉಳಿದಿತ್ತು. ಅದನ್ನು ಇಳಿಸಿದರೆ ಚೀನಾದ ಮೇಲೆ ಕಣ್ಣಿಡುವುದು ಹೇಗೆ.

ಬೆಂಕಿ ಹಚ್ಚುವ ಮೊದಲು ಪೂಜೆ. ಅದಕ್ಕೆ ನಮ್ಮಲ್ಲಿಯ ಒಳ್ಳೆಯ ಬತ್ತಿಯ ಕಟ್ಟೊಂದನ್ನು ತರಲು ಭಾವ ನನಗೆ ಹೇಳಿದ್ದರು. ಕೊಡುವಾಗ ಪಕ್ಕಕ್ಕೆ ಕರೆದು ಹೇಳಿದೆ.

"ಭಾವ, ಇದ್ರೊಳಗಿನ ಬಿದಿರು ಕಡ್ಡಿನೂ ಅಲ್ಲಿಂದ್ಲೇ ಬರೋದು."

"ಎಲ್ಲಿಂದ?"

"ಚೀನಾದಿಂದ. ನಮ್ಮ ಕಡೆ ಎಲ್ಲರದ್ದೂ ಅಷ್ಟೇ. ಒಂದೇ ಸಮ, ಗಂಟಿಲ್ಲ, ಮುರಿಯಲ್ಲ ಅಂತ ತರಿಸ್ತೀವಿ."

ಅವರು ಕಟ್ಟನ್ನು ಮೂಗಿನ ಹತ್ತಿರ ಹಿಡಿದು ಒಂದು ಕ್ಷಣ ಯೋಚಿಸಿದರು. ಇಲಾಖೆಯಲ್ಲಿದ್ದಾಗ ಕಡತ ಹಿಂದಕ್ಕೆ ಕಳಿಸಲು ಹೀಗೇ ಯೋಚಿಸುತ್ತಿದ್ದಿರಬೇಕು. "ಕಡ್ಡಿ ಅವರದಾದ್ರೆ ಏನಮ್ಮ, ಸುಗಂಧ ನಮ್ದಲ್ವಾ?" ಎಂದರು. ಹೇಳಿದ ಮೇಲೆ ಆ ಮಾತು ಅವರಿಗೇ ಹಿಡಿಸಿಬಿಟ್ಟಿತು. ಭಾಷಣದಲ್ಲಿ ಎರಡು ಸಲ ಬಳಸಿಕೊಂಡರು. ಕಡ್ಡಿ ಎಂದರೆ ವಿದೇಶಿ ದೇಹ, ಸುಗಂಧ ಎಂದರೆ ನಮ್ಮ ಆತ್ಮ ಎಂದು ಅರ್ಥ ಬಿಡಿಸಿದರು. ಜನ ತಲೆದೂಗಿದರು. ಆ ಸುಗಂಧದ ಅರ್ಧ ಫ್ರಾನ್ಸಿನ ಕಾರ್ಖಾನೆಯದು ಎಂದು ಹೇಳಲು ಬಾಯಿ ತೆರೆದಾಗ ನನ್ನ ಗಂಡ ಮೊಣಕೈಯಿಂದ ತಿವಿದರು. ಪ್ಲಾಸ್ಟಿಕ್ಕಿನ ಹೊಗೆ ಕಣ್ಣಿಗೆ ಬಡಿದು ದೇಶಭಕ್ತರೆಲ್ಲ ಕೆಮ್ಮುತ್ತ ಮನೆಗೆ ಹೋದರು. ಬೂದಿಯನ್ನು ಮರುದಿನ ಪೌರಕಾರ್ಮಿಕ ಹೆಂಗಸು ಬೈದುಕೊಂಡು ಗುಡಿಸಿದಳು.

ಅದೇ ಸುಮಾರಿಗೆ ಹೊರಗಿನ ಕಡ್ಡಿಯ ಮೇಲೆ ನಮ್ಮ ಸರ್ಕಾರ ಸುಂಕ ಏರಿಸಿತು. ಇನ್ನು ನಮ್ಮ ಬಿದಿರಿಗೆ ಬೆಲೆ ಬಂತು ಎಂದು ಭಾವ ಪೇಡ ತಂದರು. ಒಳ್ಳೆಯದೇ, ತಪ್ಪೇನಿಲ್ಲ, ಬಿದಿರು ಬೆಳೆಯುವವರು ನಾಲ್ಕು ಕಾಸು ಕಾಣಲಿ ಎಂದು ನಾವೂ ದೇಶೀ ಕಡ್ಡಿ ತರಿಸಿದೆವು. ನಮ್ಮ ಪಾಲಿಗೆ ಬಂದ ಮೂಟೆಯಲ್ಲಿ ಕಡ್ಡಿ ಒಂದು ಡೊಂಕು, ಇನ್ನೊಂದು ಸಿಬಿರು, ಮತ್ತೊಂದಕ್ಕೆ ಬೂಷ್ಟು. ಒಳ್ಳೆಯ ಕಡ್ಡಿ ಮಾಡುವುದು ನಮ್ಮವರಿಗೆ ಬರುವುದಿಲ್ಲ ಎಂದಲ್ಲ. ಅದಕ್ಕೆ ಬೇಕಾದ ಯಂತ್ರ, ಸಮಯ, ಸಾಲ ಯಾವುದನ್ನೂ ಯಾರೂ ಕೊಟ್ಟಿರಲಿಲ್ಲ, ಸುಂಕವೊಂದನ್ನು ಕೊಟ್ಟಿದ್ದರು. ಬತ್ತಿ ಹೊಸೆಯಲು ನಾವು ತಂದಿದ್ದ ವಿಯೆಟ್ನಾಮಿನ ಯಂತ್ರಗಳು ಆ ಕಡ್ಡಿಯನ್ನು ಕಚ್ಚಿಕೊಂಡು ನಿಂತುಬಿಡುತ್ತಿದ್ದವು. ಕೊನೆಗೆ ಪೇಟೆಯ ವ್ಯಾಪಾರಿಯೊಬ್ಬ ಕರೆದು, ಬೇರೆ ದೇಶದ ಕಡ್ಡಿ ಬಂದಿದೆ, ಸುಂಕ ಅಷ್ಟಿಲ್ಲ, ನೋಡಿ ಎಂದ. ಹೋಗಿ ನೋಡಿದರೆ ಅದೇ ಚೀನಾದ ಕಡ್ಡಿ, ಅದೇ ಗೋಣಿ, ಬಾಯಿಗೆ ಮಾತ್ರ ಬೇರೆ ಬಣ್ಣದ ದಾರ. ದಾರದ ಖರ್ಚನ್ನು ನಾವು ಕೊಟ್ಟೆವು.

ಆಮೇಲಿನ ಒಂದೆರಡು ವರ್ಷ ಅಮೆರಿಕಕ್ಕೂ ಚೀನಾಕ್ಕೂ ಜಗಳ ಹೆಚ್ಚುತ್ತ ಹೋಯಿತು. ಇಬ್ಬರು ಶ್ರೀಮಂತರು ಕಿತ್ತಾಡುವಾಗ ಬೀದಿಯವರಿಗೆ ಖುಷಿಯಾಗುವಂತೆ ನಮ್ಮವರಿಗೂ ಖುಷಿ. ಚೀನಾದಿಂದ ಕೊಳ್ಳುತ್ತಿದ್ದವರೆಲ್ಲ ಇನ್ನು ನಮ್ಮ ಬಾಗಿಲಿಗೇ ಬರಬೇಕು ಎಂದು ಭಾವ ಬೆಳಗಿನ ವಾಕಿಂಗಿನಲ್ಲಿ ಘೋಷಿಸಿದರು. ಒಬ್ಬಾಕೆ ಬಂದದ್ದೂ ನಿಜ.

ಅಮೆರಿಕದ ಪಶ್ಚಿಮದ ಊರುಗಳಲ್ಲಿ ಯೋಗದ ಚಾಪೆ, ಮೇಣದಬತ್ತಿ, ಧೂಪ ಮಾರುವ ಅಂಗಡಿಗಳ ಒಡತಿ ಆಕೆ. ನನ್ನದೇ ವಯಸ್ಸು, ಬೆಳ್ಳಗಿನ ಹತ್ತಿಯ ಬಟ್ಟೆ, ಕೊರಳಲ್ಲಿ ರುದ್ರಾಕ್ಷಿ. ಅಲ್ಲಿಯವರೆಗೆ ಚೀನಾದ ಧೂಪ ಮಾರುತ್ತಿದ್ದಳು. ಈಗ ಅದರ ಮೇಲೆ ಅವರ ಸರ್ಕಾರದ ಸುಂಕ ಬಿದ್ದಾಗ ಚೀನಾದ ಧೂಪದಲ್ಲಿ ಆತ್ಮವಿಲ್ಲ ಎಂಬುದು ಆಕೆಗೆ ಹೊಳೆದಿತ್ತು. ಹಾಗಂತ ಆಕೆಯೇ ನನಗೆ ಬರೆದಿದ್ದಳು. ಸುಂಕ ಬಿದ್ದ ಕೂಡಲೇ ಆತ್ಮ ಕಾಣಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಹೇರೋಹಳ್ಳಿಗೆ ಬರಲು ಸುಂಕದಕಟ್ಟೆ ದಾಟಬೇಕು. ಹಿಂದೆ ಸಂತೆಗೆ ಹೋಗುವ ಗಾಡಿಗಳನ್ನು ಅಲ್ಲಿ ನಿಲ್ಲಿಸಿ ಸುಂಕ ಎತ್ತುತ್ತಿದ್ದರಂತೆ. ಈಗ ಯಾರೂ ಎತ್ತುವುದಿಲ್ಲ, ಟ್ರಾಫಿಕ್ಕೇ ನಿಲ್ಲಿಸುತ್ತದೆ. ಅಲ್ಲಿ ಸಿಕ್ಕಿಕೊಂಡು, ಕೊನೆಗೆ ನಮ್ಮ ರಸ್ತೆಯ ಹೊಂಡದಲ್ಲಿ ಕಾರಿನ ಚಕ್ರ ಕೂತು, ಆಕೆ ಬಿಳಿ ಬಟ್ಟೆಯನ್ನು ಎತ್ತಿಕೊಂಡು ನಡೆದೇ ಬಂದಳು. ಬಾಗಿಲಲ್ಲಿ ಭಾವ. ನಾವು ಕರೆದಿರಲಿಲ್ಲ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಸಂಘದ ಕಾರ್ಯದರ್ಶಿಯನ್ನು ಫೋಟೋ ತೆಗೆಯಲು ಕರೆತಂದಿದ್ದರು. ಪೇಟ ಆಕೆಯ ತಲೆಗೆ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಧೂಪಕ್ಕೆ ಐದು ಸಾವಿರ ವರ್ಷದ ಇತಿಹಾಸವಿದೆ ಎಂದು ಭಾವ ಇಂಗ್ಲಿಷಿನಲ್ಲಿ ಶುರುಮಾಡಿದರು. ಮೂರನೇ ಸಾವಿರಕ್ಕೆ ಬರುವ ಹೊತ್ತಿಗೆ ನನ್ನ ಗಂಡ ಕಾಫಿ ತಂದು ನಡುವೆ ನುಗ್ಗಿಸಿದರು.

ಆಕೆಗೆ ನಮ್ಮ ಯಂತ್ರಗಳು ಹಿಡಿಸಲಿಲ್ಲ. ಕೈಯಲ್ಲಿ ಹೊಸೆಯುವುದಿಲ್ಲವೇ ಎಂದು ಕೇಳಿದಳು. ಮೊದಲು ಹೊಸೆಯುತ್ತಿದ್ದರು, ಬೆನ್ನು ಹೋಗುತ್ತದೆ, ಅಂಗೈ ಕಪ್ಪಾಗಿ ಒಡೆಯುತ್ತದೆ, ಆದ್ದರಿಂದ ಯಂತ್ರ ತಂದೆವು ಎಂದೆ. ಆಕೆಯ ಮುಖ ಬಾಡಿತು. ತನ್ನ ಗಿರಾಕಿಗಳು ಕೈಕೆಲಸವನ್ನು ಗೌರವಿಸುತ್ತಾರೆ ಎಂದಳು. ಗೌರವಿಸುವುದೆಂದರೆ ಅವರು ಹೊಸೆಯುವುದಿಲ್ಲ, ನಾವು ಹೊಸೆಯುವುದನ್ನು ನೋಡುತ್ತಾರೆ.

ಭಾವ ತಕ್ಷಣ ಎದ್ದರು. "ಅಯ್ಯೋ, ಅದಕ್ಕೇನಂತೆ, ಈಗ್ಲೇ ತೋರಿಸೋಣ."

ಯಂತ್ರಗಳ ಮೇಲೆ ಟಾರ್ಪಾಲು ಹೊದಿಸಿದರು. ಮೂಲೆಯಲ್ಲಿ ಬಿದ್ದಿದ್ದ, ಬತ್ತಿ ಹೊಸೆಯುವ ಹಳೆಯ ಮಣೆಗಳನ್ನು ಒರೆಸಿ ತಂದರು. ನಮ್ಮ ಹೆಂಗಸರಲ್ಲಿ ಹಿರಿಯಳೊಬ್ಬಳಿದ್ದಳು, ಮಾವನವರ ಕಾಲದಿಂದ ನಮ್ಮಲ್ಲೇ ಇದ್ದವಳು, ಹೇರೋಹಳ್ಳಿಯ ಹಳೇ ಊರಿನವಳೇ. ಅವಳನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ನೆಲದ ಮೇಲೆ ಕೂರು ಎಂದಾಗ ಅವಳು ಸೊಂಟ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಕೈಯಲ್ಲಿ ಹೊಸೆದ್ರೇನೇ ಅವರೂರಲ್ಲಿ ದೇವ್ರು ಬರದಾ?" ಎಂದಳು.

"ಸ್ವಲ್ಪ ಹೊತ್ತು ಅಷ್ಟೇ, ಕೂತ್ಕೊಳಕ್ಕ."

"ಕೂತ್ಕೊಂತೀನಿ. ಎಬ್ಸೋಕೆ ಮಾತ್ರ ನೀವೇ ಬರ್ಬೇಕು."

ಒಡತಿ ಎಲ್ಲ ಕೋನಗಳಿಂದ ಫೋಟೋ ತೆಗೆದಳು. ಅಕ್ಕನ ಕಪ್ಪಾದ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಾಗ ನೀರಿತ್ತು. ಅಕ್ಕನಿಗೆ ಗಾಬರಿಯಾಗಿ, ಈಯಮ್ಮನ ಮನೇಲಿ ಯಾರಾದ್ರೂ ಹೋಗಿದಾರಾ ಎಂದು ಕೇಳಿದಳು. ಟಾರ್ಪಾಲಿನ ಕೆಳಗಿದ್ದ ಯಂತ್ರಗಳ ಬಗ್ಗೆ ಆಕೆ ಮತ್ತೆ ಮಾತೆತ್ತಲಿಲ್ಲ, ಏಕೆಂದರೆ ತನಗೆ ಬೇಕಿದ್ದಷ್ಟು ಸರಕು ಆ ಯಂತ್ರಗಳಿಲ್ಲದೆ ಹೊರಡುವುದಿಲ್ಲ ಎಂದು ಆಕೆಗೂ ಗೊತ್ತಿತ್ತು. ಹೋಗುವಾಗ ನನ್ನನ್ನು ತಬ್ಬಿಕೊಂಡು, ನಾವಿನ್ನು ಒಂದೇ ಕುಟುಂಬ ಎಂದಳು. ನನಗೆ ಕುಟುಂಬ ಎಂದರೇನೆಂದು ಗೊತ್ತು, ಭಾವ ಪಕ್ಕದಲ್ಲೇ ನಿಂತಿದ್ದರು.

ಆರ್ಡರು ಬಂತು, ಬೆಳೆಯಿತು. ಶೆಡ್ಡಿನ ಪಕ್ಕದ ಇನ್ನೊಂದು ದೊಡ್ಡ ಶೆಡ್ಡನ್ನೂ ಹಿಡಿದೆವು. ನಂದಿನಿ ಲೇಔಟಿನಿಂದ, ಕೆಂಗೇರಿಯಿಂದೆಲ್ಲ ಹೆಂಗಸರು ಬಸ್ಸು ಬದಲಾಯಿಸಿಕೊಂಡು ಕೆಲಸಕ್ಕೆ ಬರತೊಡಗಿದರು. ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಅವರೆಲ್ಲ ಒಟ್ಟಿಗೆ ಕೂತರೆ ಶೆಡ್ಡು ಮದುವೆಮನೆಯಂತೆ ಗಲಗಲ ಎನ್ನುತ್ತಿತ್ತು. ನನ್ನ ಗಂಡ ಹೊಸ ಹೊಸ ಸುಗಂಧ ಬೆರೆಸಿದರು, ಅಪರೂಪಕ್ಕೆ ತಾವಾಗಿ ಮಾತಾಡಿದರು. ಇದೆಲ್ಲ ತಾವು ಪೇಟ ತೊಡಿಸಿದ್ದರಿಂದ ಆದದ್ದು ಎಂದು ಭಾವ ನಂಬಿದ್ದರು.

ಹಾಗಿರುವಾಗ ಅಮೆರಿಕದ ಸುಂಕ ನಮ್ಮ ಮೇಲೇ ಬಿತ್ತು. ಮೊದಲು ಒಂದಿಷ್ಟು, ಆಮೇಲೆ ಅದರ ಮೇಲೆ ಇನ್ನೊಂದಿಷ್ಟು. ಅವರು ನಮ್ಮಿಂದ ಕೊಳ್ಳುವುದು ಹೆಚ್ಚು, ನಾವು ಅವರಿಂದ ಕೊಳ್ಳುವುದು ಕಡಿಮೆ, ಇದರಿಂದ ಅವರಿಗೆ ಅನ್ಯಾಯವಾಗಿದೆ ಎಂಬುದು ಮೊದಲ ಕಾರಣ. ನಾನು ಎಷ್ಟೋ ವರ್ಷದಿಂದ ವಿಜಯನಗರದ ಮಾರ್ಕೆಟ್ಟಿನಲ್ಲಿ ಒಬ್ಬಳ ಹತ್ತಿರವೇ ಸೊಪ್ಪು ಕೊಳ್ಳುತ್ತಿದ್ದೇನೆ. ಅವಳು ನನ್ನ ಹತ್ತಿರ ಒಂದು ಬತ್ತಿಯನ್ನೂ ಕೊಂಡಿಲ್ಲ. ಇದು ಮೋಸ ಎಂದು ನಾನು ಅವಳ ಬುಟ್ಟಿಗೆ ಒದ್ದರೆ ಜನ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ದೊಡ್ಡ ದೇಶ ಒದ್ದರೆ ಅದಕ್ಕೆ ನೀತಿ ಎಂದು ಹೆಸರು. ಟಿವಿಯಲ್ಲಿ ಟೈ ಕಟ್ಟಿದವರು ಕೂತು ಅದರ ಆಳ ಅಗಲ ಅಳೆಯುತ್ತಾರೆ.

ಎರಡನೇ ಕಾರಣ, ನಾವು ರಷ್ಯಾದ ಎಣ್ಣೆ ಕೊಳ್ಳುತ್ತೇವೆ ಎಂಬುದು.

ಭಾವ ಮರುದಿನವೇ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ಧೈರ್ಯ ಹೇಳಿದರು. "ಇದೆಲ್ಲ ಹೆದ್ರಿಸೋ ಆಟ. ನಾವು ಜಗ್ಗಲ್ಲ. ನಮ್ಮ ಬತ್ತಿ ಇಲ್ದೆ ಅವ್ರು ಎಷ್ಟು ದಿನ ಇರ್ತಾರೆ?"

"ಬತ್ತಿ ಇಲ್ದೆ ಯಾರು ಬೇಕಾದ್ರೂ ಎಷ್ಟು ದಿನ ಬೇಕಾದ್ರೂ ಇರಬಹುದು ಭಾವ," ಎಂದೆ. "ಅದೇನು ಅಕ್ಕಿನಾ?"

ಅದೇ ವಾರ ಒಡತಿ ವೀಡಿಯೊ ಕಾಲ್ ಮಾಡಿದಳು. ಎದೆಯ ಮೇಲೆ ಕೈಯಿಟ್ಟು ನಮಸ್ತೆ ಎಂದಳು, ನಮ್ಮ ಹೆಂಗಸರನ್ನು ನೆನೆದು ನಿದ್ದೆಯಿಲ್ಲ ಎಂದಳು, ಆಮೇಲೆ ವಿಷಯಕ್ಕೆ ಬಂದಳು. ಕಷ್ಟವನ್ನು ಕುಟುಂಬ ಹಂಚಿಕೊಳ್ಳಬೇಕಲ್ಲ. ಹಾಗಾಗಿ ಏರಿದ ಸುಂಕವಷ್ಟನ್ನೂ ನಮ್ಮ ಬೆಲೆಯಲ್ಲೇ ಇಳಿಸಿಕೊಡಬೇಕು.

"ಪೂರ್ತಿನಾ?" ಎಂದು ನನ್ನ ಗಂಡ ಪಕ್ಕದಿಂದ ಕನ್ನಡದಲ್ಲೇ ಕೇಳಿದರು.

ಪೂರ್ತಿ. ಹಂಚಿಕೊಳ್ಳುವುದೆಂದರೆ ಆಕೆಯ ನಿಘಂಟಿನಲ್ಲಿ ನಾವು ಹೊರುವುದು, ಆಕೆ ಮರುಗುವುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಸುಂಕದವನು ಕೈಗೆ ಸಿಗುವಂತಿರಲಿಲ್ಲ, ಆದರೂ ನಾನು ಹೇಳಿಕೊಂಡೆ: ಹಾಗೆ ಕೊಟ್ಟರೆ ಕಡ್ಡಿ, ಪುಡಿಯ ಖರ್ಚೂ ಹುಟ್ಟುವುದಿಲ್ಲ, ಅರ್ಧ ಇಳಿಸುತ್ತೇವೆ, ಅರ್ಧ ನೀನು ಹೊರು. ಆಕೆ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ ನಕ್ಕಳು. ಇನ್ನೊಂದು ದಾರಿಯೂ ಇದೆ ಎಂದಳು. ಸುಂಕ ಕಡಿಮೆಯಿರುವ ನೆರೆಯ ದೇಶವೊಂದಕ್ಕೆ ನಮ್ಮ ಬತ್ತಿ ಕಳಿಸಿ, ಅಲ್ಲಿ ಡಬ್ಬಿಗೆ ಹಾಕಿಸಿ, ಆ ದೇಶದ ಹೆಸರು ಅಂಟಿಸಿದರೆ ಆಗುವುದಿಲ್ಲವೇ.

ನಾನು ಗಂಡನ ಮುಖ ನೋಡಿದೆ. ಅವರು ತಲೆಯಾಡಿಸಿದರು. "ಅಪ್ಪ ಈ ಕಸುಬು ಮಾಡಿದ್ದು ಕಳ್ಳಸಾಗಣೆಗಲ್ಲ ಅಂತ ಹೇಳು" ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸ್ವಲ್ಪವೂ ಮೆದುಮಾಡಲಿಲ್ಲ. ಎಂ.ಎ. ಅಂದು ನಿಜಕ್ಕೂ ಉಪಯೋಗಕ್ಕೆ ಬಂತು. ಆಕೆ ಎದೆಯ ಮೇಲೆ ಮತ್ತೆ ಕೈಯಿಟ್ಟು, ನಿಮ್ಮ ನೋವು ಅರ್ಥವಾಗುತ್ತದೆ ಎಂದು ಕಾಲ್ ಮುಗಿಸಿದಳು. ಮತ್ತೆ ಆರ್ಡರು ಬರಲಿಲ್ಲ.

ಹೆಂಗಸರಿಗೆ ಹೇಳುವ ಕೆಲಸ ನನ್ನ ಮೇಲೆ ಬಿತ್ತು. ಊಟದ ಹೊತ್ತಿನಲ್ಲಿ ಹೇಳಿದೆ. ದೊಡ್ಡ ಶೆಡ್ಡು ಬಿಡುತ್ತಿದ್ದೇವೆ, ಹೊಸದಾಗಿ ಸೇರಿದವರಿಗೆ ಈ ತಿಂಗಳ ನಂತರ ಕೆಲಸವಿಲ್ಲ. ಹೆಂಗಸರು ಅರ್ಧ ಊಟಕ್ಕೇ ಡಬ್ಬಿಗಳ ಮುಚ್ಚಳ ಹಾಕಿದರು. ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಕೈ ತೊಳೆದುಕೊಂಡು ನನ್ನ ಹಿಂದೆಯೇ ಬಂದಳು.

"ಯಾಕೆ ಬೇಡ ಅಂದ್ರು? ವಾಸ್ನೆ ಸರಿ ಇರ್ಲಿಲ್ವಾ?"

"ವಾಸನೆಗಲ್ಲಕ್ಕ. ಅವರ ಸರ್ಕಾರ ಸುಂಕ ಜಾಸ್ತಿ ಮಾಡ್ತು. ನಮ್ಮ ದೇಶ ರಷ್ಯಾದ ಎಣ್ಣೆ ತಗೊಳತ್ತೆ ಅಂತ ಸಿಟ್ಟು."

ಅವಳು ಯೋಚಿಸಿದಳು. "ನಮ್ಮ ಬತ್ತಿಗೆ ಹಾಕೋದು ರಷ್ಯಾದ ಎಣ್ಣೆನಾ?"

"ಅಲ್ಲ, ಬಸ್ಸು ಲಾರಿಗೆ ಹಾಕೋ ಎಣ್ಣೆ."

"ಮತ್ತೆ ಬಸ್ಸಿನೋರನ್ನ ಕೇಳೋದು ಬಿಟ್ಟು ನಮ್ಮನ್ನ್ಯಾಕೆ ಹಿಡ್ಕೊಂಡ್ರು?"

ಇದಕ್ಕೆ ಉತ್ತರ ಟಿವಿಯ ಟೈ ಕಟ್ಟಿದವರಲ್ಲಿ ಇದ್ದಿರಬಹುದು, ಅವರನ್ನು ಅವಳ ಮುಂದೆ ಕೂರಿಸುವ ವ್ಯವಸ್ಥೆ ಇಲ್ಲ. ಅಕ್ಕ ಸುಗಂಧದಲ್ಲೇ ಏನೋ ಐಬಿರಬೇಕು, ತನಗೆ ಬೇಜಾರಾಗಬಾರದೆಂದು ನಾನು ಮುಚ್ಚಿಡುತ್ತಿದ್ದೇನೆ ಎಂದೇ ತಿಳಿದಳು. ಮುಂದಿನ ಎಷ್ಟೋ ದಿನ ಒಂದೊಂದು ಬತ್ತಿಯನ್ನೂ ಮೂಸಿ ನೋಡಿ ಕಟ್ಟುತ್ತಿದ್ದಳು. ಅದನ್ನು ಕಂಡು ನನ್ನ ಗಂಡ ಶೆಡ್ಡಿನಿಂದ ಹೊರಗೆ ಹೋಗಿ ನಿಂತುಬಿಡುತ್ತಿದ್ದರು.

ಕೆಲವು ತಿಂಗಳ ಮೇಲೆ ಒಡತಿಯ ಅಂಗಡಿಯ ವೆಬ್‌ಸೈಟನ್ನು ಕುತೂಹಲಕ್ಕೆ ತೆರೆದೆ. ಹೊಸ ಡಬ್ಬಿಗಳು ಬಂದಿದ್ದವು. ಡಬ್ಬಿಯ ಮೇಲೆ ನಮ್ಮ ಅಕ್ಕನ ಮುಖ, ಮಣೆ, ಕಪ್ಪು ಅಂಗೈ. ‘ತಲೆಮಾರುಗಳ ಕೈಗಳಿಂದ’ ಎಂದು ಬರೆದಿತ್ತು. ಡಬ್ಬಿಯ ಹಿಂಬದಿಯ ಚಿತ್ರ ತೆರೆದರೆ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ತಯಾರಾದದ್ದು ಚೀನಾದಲ್ಲಿ. ಆ ಹೊತ್ತಿಗೆ ಅಮೆರಿಕವೂ ಚೀನಾವೂ ಅರ್ಧ ರಾಜಿಯಾಗಿ, ಅವರ ಮೇಲಿನ ಸುಂಕ ನಮ್ಮದಕ್ಕಿಂತ ತುಸು ಹಗುರವಾಗಿತ್ತು. ಚೀನಾದ ಧೂಪಕ್ಕೆ ಆತ್ಮ ವಾಪಸು ಬಂದಿತ್ತು.

ನಾನು ಪತ್ರ ಬರೆದೆ. ಆ ಹೆಂಗಸಿನ ಚೈತನ್ಯಕ್ಕೆ ಗೌರವ ಸಲ್ಲಿಸಲು ಚಿತ್ರ ಉಳಿಸಿಕೊಂಡಿದ್ದೇವೆ ಎಂದು ಉತ್ತರ ಬಂತು. ಇದರಷ್ಟು ನಯವಾದ ನಾಚಿಕೆಗೇಡನ್ನು ನಾನು ಇಂಗ್ಲಿಷಿನಲ್ಲಿ ಓದಿರಲಿಲ್ಲ. ಅಕ್ಕನಿಗೆ ಫೋನಿನಲ್ಲಿ ತೋರಿಸಿದೆ. ಅವಳು ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

"ಸೀರೆ ಚೆನ್ನಾಗಿ ಬಂದಿದೆ," ಎಂದಳು. ಫೋನನ್ನು ನನ್ನ ಕೈಗೆ ಕೊಡುತ್ತ, "ಹಂಗಾದ್ರೆ ಅಲ್ಲಿ ನಾನಿನ್ನೂ ಕೆಲ್ಸದಲ್ಲಿದೀನಿ ಅನ್ನಿ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಚಿತ್ರ ತೆಗೆಯಿರಿ, ಇಲ್ಲವೆ ಅವಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಎಂದು ಮತ್ತೆ ಮತ್ತೆ ಬರೆದೆ. ಕೊನೆಗೆ ಚಿತ್ರ ತೆಗೆದರು. ಅದರ ಜಾಗದಲ್ಲಿ ಕಮಲದ ಹೂ ಬಂತು.

ಈ ನಡುವೆ ಭಾವ ಮತ್ತೊಂದು ಸಭೆ ಕರೆದರು. ಈ ಸಲ ಅಮೆರಿಕದ ಸಾಮಾನಿನ ಬಹಿಷ್ಕಾರ. ಹಿಂದಿನ ವರ್ಷ ಅವರು ಬಸವೇಶ್ವರನಗರದ ಆಸ್ಪತ್ರೆಯೊಂದರಲ್ಲಿ ಮಂಡಿ ಬದಲಾಯಿಸಿಕೊಂಡಿದ್ದರು. ಅದು ಅಸಲಿ ಅಮೆರಿಕದ ಮಂಡಿ ಎಂದು ಆಗ ಬಂದು ಹೋದವರಿಗೆಲ್ಲ ಎಕ್ಸ್‌ರೇ ತೋರಿಸಿದ್ದರು.

"ಮಂಡಿ ಏನ್ಮಾಡ್ತೀರಿ ಭಾವ?" ಎಂದು ಕೇಳಿದೆ.

"ಅದು ವೈದ್ಯಕೀಯ. ಬಹಿಷ್ಕಾರದಲ್ಲಿ ಬರಲ್ಲ," ಎಂದರು. ಅವರು ನಗಲಿಲ್ಲ, ನಿಯಮ ಓದಿದಂತೆ ಹೇಳಿದರು. ಆಮೇಲೆ, "ನೀನೂ ಮಾತಾಡ್ಬೇಕು. ಸುಂಕದಿಂದ ಪೆಟ್ಟು ತಿಂದೋರು ನಮ್ಮ ಬಡಾವಣೇಲಿ ನೀವೇ ತಾನೇ?" ಎಂದರು. ಪೆಟ್ಟು ತಿಂದವರು ತಮ್ಮ ಮನೆತನದವರೇ ಎಂಬ ಹೆಮ್ಮೆ ಅವರ ದನಿಯಲ್ಲಿ ಇದ್ದೇ ಇತ್ತು.

ಹೋದೆ. ಸಂಘದ ಸಭಾಂಗಣ ತುಂಬಿತ್ತು. ಬಾಗಿಲ ಹೊರಗೆ ಯಾರೋ ವಿದೇಶಿ ಕೋಲಾದ ಬಾಟಲಿಯೊಂದನ್ನು ಚರಂಡಿಗೆ ಸುರಿದು ಫೋಟೋ ತೆಗೆಸಿಕೊಂಡರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ನಮ್ಮ ಕಡ್ಡಿ ಚೀನಾದ್ದು, ಯಂತ್ರ ವಿಯೆಟ್ನಾಮಿನದು, ಸುಗಂಧದಲ್ಲಿ ಫ್ರಾನ್ಸಿನ ಪಾಲಿದೆ, ಗಿರಾಕಿ ಅಮೆರಿಕದವಳು. ನಮ್ಮದು ಎಂದರೆ ಹೆಂಗಸರ ಬೆನ್ನು ಮತ್ತು ನನ್ನ ಗಂಡನ ಮೂಗು. ನಾವು ಸುಂಕ ಏರಿಸಿದಾಗ ನಮ್ಮ ವ್ಯಾಪಾರಿಗೆ ಲಾಭವಾಯಿತು, ಅವರು ಏರಿಸಿದಾಗ ಅವರ ಸರ್ಕಾರಕ್ಕೆ. ಎರಡು ಸಲವೂ ಕೊಟ್ಟವರು ನಾವು. ಬೆಂಕಿಗೆ ಕೆಟ್ಟ ಫೋನು ಹಾಕಿದ್ದರಿಂದ ಚೀನಾ ನಡುಗಲಿಲ್ಲ, ಕೋಲಾ ಚೆಲ್ಲಿದ್ದರಿಂದ ಅಮೆರಿಕವೂ ನಡುಗುವುದಿಲ್ಲ. ನಮ್ಮ ಬಡಾವಣೆಯಿಂದ ಆಗುವ ಕೆಲಸವೆಂದರೆ, ಕೆಲಸ ಕಳಕೊಂಡ ಹೆಂಗಸರಿಗೆ ನಿಮ್ಮ ನಿಮ್ಮ ಕಡೆ ಏನಾದರೂ ದಾರಿ ನೋಡುವುದು. ಅಷ್ಟು ಹೇಳಿ ನಿಂತೆ.

ಸಭಾಂಗಣದ ತುಂಬ ಚಪ್ಪಾಳೆ. ಎದುರು ಸಾಲಿನ ಒಬ್ಬರು ಎದ್ದು ನಿಂತು ತಟ್ಟಿದರು. ಕಾರ್ಯದರ್ಶಿ ಮೈಕು ತೆಗೆದುಕೊಂಡು, ವಿದೇಶಿ ಶಕ್ತಿಗಳ ವಿರುದ್ಧ ಗುಡುಗಿದ ನಮ್ಮ ಬಡಾವಣೆಯ ಹೆಣ್ಣುಮಗಳಿಗೆ ಧನ್ಯವಾದ ಎಂದರು. ನನಗೆ ಶಾಲು ಹೊದಿಸಿದರು. ಆಮೇಲೆ ಎಲ್ಲರೂ ಉಪ್ಪಿಟ್ಟು ಕೇಸರಿಬಾತಿಗೆ ಸಾಲು ನಿಂತರು. ಹೆಂಗಸರ ಕೆಲಸದ ವಿಷಯ ಕೇಳಲು ಬಂದವರು ಯಾರೂ ಇಲ್ಲ. ಒಬ್ಬ ಹೆಂಗಸು ಬಂದಳು, ಹೋಲ್‌ಸೇಲ್ ಬೆಲೆಗೆ ಬತ್ತಿ ಸಿಗತ್ತಾ ಆಂಟಿ ಎಂದು ಕೇಳಿದಳು.

ಮನೆಗೆ ಬರುವಾಗ ಭಾವ ಜೊತೆಗೆ ನಡೆದರು. ಮೆಟ್ಟಿಲಿಳಿದ ಶ್ರಮಕ್ಕೆ ಮಂಡಿ ಸ್ವಲ್ಪ ಎಳೆಯುತ್ತಿತ್ತು. ನನ್ನ ಮಾತು ಅವರಿಗೆ ತಾಗಿದೆ ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಇಡೀ ಸಭಾಂಗಣದಲ್ಲಿ ಕೇಳಿಸಿಕೊಂಡವರು ಅವರೊಬ್ಬರೇ ಇರಬೇಕು.

"ನಿಜ ಹೇಳು, ಕಸುಬು ನಿಲ್ಲತ್ತಾ?" ಎಂದು ಮೆಲ್ಲಗೆ ಕೇಳಿದರು.

"ನಿಲ್ಲಲ್ಲ. ಸಣ್ಣದಾಗತ್ತೆ."

"ಅಪ್ಪ ಸೈಕಲ್ ಮೇಲೆ ಬತ್ತಿ ಕಟ್ಕೊಂಡು ರಾಜಾಜಿನಗರ ಪೂರ್ತಿ ಸುತ್ತೋರು. ಮಳೆ ಬಂದ್ರೆ ಅಂಗಿ ಬಿಚ್ಚಿ ಬತ್ತಿಗೆ ಹೊದಿಸೋರು. ನಾನೂ ಹಿಂದೆ ಕೂತು ಹೋಗಿದೀನಿ."

ಅವರು ಕಸುಬಿನ ಬಗ್ಗೆ ‘ನಾನು’ ಎಂದು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಅವರ ಮನೆಯ ಗೇಟು ಬಂತು. ಗೇಟು ಹಿಡಿದು ನಿಂತು ಭಾವ ಗಂಟಲು ಸರಿಮಾಡಿಕೊಂಡರು.

"ನೋಡ್ತಿರು. ಇನ್ನಾರು ತಿಂಗಳಲ್ಲಿ ಅವ್ರೇ ನಮ್ಮ ಕಾಲಿಗೆ ಬೀಳ್ತಾರೆ," ಎಂದು ಒಳಗೆ ಹೋದರು. ಟಿವಿಯ ಸದ್ದು ರಸ್ತೆಗೆ ಬಂತು.

ಯಾರೂ ಯಾರ ಕಾಲಿಗೂ ಬೀಳಲಿಲ್ಲ. ಮುಂದೆ ಸುಂಕ ಇಳಿಯಿತು ಎಂದು ಒಂದು ದಿನ ಸುದ್ದಿ ಬಂತು. ಇಳಿದದ್ದು ಎಷ್ಟು, ಯಾವುದರ ಮೇಲೆ, ಎಲ್ಲಿಯವರೆಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಭಾವ ಮತ್ತೆ ಪೇಡ ತಂದರು. ಒಡತಿಯಿಂದ ದೀಪಾವಳಿಗೆ ಶುಭಾಶಯ ಬಂದಿತ್ತು, ಆರ್ಡರಲ್ಲ. ನಾವು ಈಗ ಹಳೆಯ ಸಣ್ಣ ಶೆಡ್ಡಿನಲ್ಲಿ, ಹಳೆಯ ಕೆಲವೇ ಹೆಂಗಸರ ಜೊತೆ, ಇಲ್ಲಿಯದೇ ದೊಡ್ಡ ವ್ಯಾಪಾರಿಯೊಬ್ಬರ ಹೆಸರಿನಲ್ಲಿ ಬತ್ತಿ ಮಾಡಿಕೊಡುತ್ತೇವೆ. ಹೊಟ್ಟೆಗೆ ಕಡಿಮೆಯಿಲ್ಲ. ಹೊಸ ಸುಗಂಧ ಬೆರೆಸುವ ಅಗತ್ಯವಿಲ್ಲ. ಮಲ್ಲಿಗೆ, ಗಂಧ, ಗುಲಾಬಿ, ಅಷ್ಟೇ. ನನ್ನ ಗಂಡ ಮತ್ತೆ ಮಾತು ಕಡಿಮೆ ಮಾಡಿದ್ದಾರೆ. ನಂದಿನಿ ಲೇಔಟಿನಿಂದ ಬರುತ್ತಿದ್ದವರಲ್ಲಿ ಕೆಲವರು ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸುತ್ತಾರೆ. ಕೆಂಗೇರಿಯ ಇಬ್ಬರು ಬಟ್ಟೆ ಕಾರ್ಖಾನೆ ಸೇರಿದ್ದರು, ಅಲ್ಲಿಯೂ ಅಮೆರಿಕದ ಆರ್ಡರು ನಿಂತು ಮನೆಗೆ ಬಂದರು. ಉಳಿದವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.

ದೊಡ್ಡ ಶೆಡ್ಡನ್ನು ಅದರ ಯಜಮಾನರು ಷಟಲ್ ಆಡುವ ಕೋರ್ಟು ಮಾಡಿದ್ದಾರೆ. ಹಸಿರು ಹಾಸು, ಬಿಳಿ ಗೆರೆ, ಕಣ್ಣು ಕುಕ್ಕುವ ದೀಪ. ನಮ್ಮಲ್ಲಿ ಬೆನ್ನು ನೋವೆಂದು ಅರ್ಧ ದಿನ ಮಾತ್ರ ಬರುವ ಅಕ್ಕ ಬೆಳಿಗ್ಗೆ ಅಲ್ಲಿ ಗುಡಿಸುವ ಕೆಲಸ ಹಿಡಿದಿದ್ದಾಳೆ. ಮೊನ್ನೆ ಚಹಾ ಕುಡಿಯುವಾಗ ಹೇಳಿದಳು, ಗೋಡೆಗೆ ಹೊಸ ಬಣ್ಣ ಬಳಿದರೂ ಬತ್ತಿಯ ವಾಸನೆ ಹೋಗಿಲ್ಲವಂತೆ. ಆಡಲು ಬರುವ ಹುಡುಗರು, ಇದ್ಯಾವ ರೂಮ್ ಫ್ರೆಶ್ನರ್ ಆಂಟಿ, ಸಖತ್ತಾಗಿದೆ, ಎಂದು ಕೇಳುತ್ತಾರಂತೆ.

"ಏನಂದೆ?" ಎಂದೆ.

"ಫಾರಿನ್‌ದು ಅಂದೆ," ಎಂದಳು ಅಕ್ಕ. "ಹಂಗಂದ್ರೆ ಮರ್ಯಾದೆಯಿಂದ ಶೂ ಬಿಚ್ಚಿ ಒಳಗೆ ಬರ್ತಾರೆ."